ಬಣ್ಣಕ್ಕೊಂದು ಅಳತೆ: ಗಂಧದೆಣ್ಣೆಯಿಂದ ಮಾತ್ರೆಯವರೆಗೆ

ಶಿವಮೊಗ್ಗದಲ್ಲಿ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಇಂದು ಸೋಪು, ಅತ್ತರಿನ ಜೊತೆಗಷ್ಟೇ ನೆನಪಾಗುವ ಈ ಎಣ್ಣೆ ಒಂದು ಕಾಲಕ್ಕೆ ಔಷಧಗಳ ಗುಣಮಟ್ಟ ಗೊತ್ತುಮಾಡುವ ಅಧಿಕೃತ ಗ್ರಂಥವಾದ ಬ್ರಿಟಿಷ್ ಫಾರ್ಮಕೋಪಿಯದಲ್ಲಿ ಸ್ಥಾನ ಪಡೆದಿದ್ದ ಔಷಧ. ಮೂತ್ರನಾಳದ ಸೋಂಕಿಗೆ ಕೊಡುತ್ತಿದ್ದರು. ಈ ಕಾರ್ಖಾನೆಗೂ ಬಹಳ ಮೊದಲೇ, ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡಿನ ರವಾನೆ ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಹೊರಟಿತು. ಬಟ್ಟಿ ಇಳಿಸುವ ಕ್ರಮವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ರೂಪಿಸಿದರು. ಔಷಧದ ದರ್ಜೆಯ ಎಣ್ಣೆಯಲ್ಲಿ ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ಶೇ. 90ಕ್ಕಿಂತ ಕಡಿಮೆ ಇರಬಾರದು ಎಂಬ ನಿಯಮವಿತ್ತು. ಸಾಂದ್ರತೆಗೂ, ಎಣ್ಣೆಯ ಮೂಲಕ ಹಾಯುವ ಧ್ರುವೀಕೃತ ಬೆಳಕು ಎಷ್ಟು ತಿರುಗಬೇಕೆಂಬುದಕ್ಕೂ ಅಂಕಿಗಳಿದ್ದವು. ಬಣ್ಣದ ಬಗ್ಗೆ ಮಾತ್ರ ‘ತಿಳಿ ಹಳದಿ’ ಎಂಬ ವರ್ಣನೆಯೇ ಎಲ್ಲ.

ಬಣ್ಣ ಹೀಗೆ ಅಂಕಿಗೆ ಸಿಗದೆ ಉಳಿದದ್ದಕ್ಕೆ ಕಾರಣವಿದೆ. ತೂಕ ಸೀಸೆಯೊಳಗಿನ ಎಣ್ಣೆಗೆ ಸೇರಿದ್ದು. ಬಣ್ಣ ಹುಟ್ಟುವುದು ಎಣ್ಣೆ, ಅದರ ಮೇಲೆ ಬೀಳುವ ಬೆಳಕು, ನೋಡುವ ಕಣ್ಣು ಈ ಮೂರೂ ಕೂಡಿದಾಗ. ಹೀಗಾಗಿ ಮೊದಲ ತಲೆಮಾರಿನ ವಿಧಾನಗಳು ಅಳೆಯುವ ಗೊಡವೆಗೆ ಹೋಗದೆ ಹೋಲಿಸಿ ನೋಡುವುದನ್ನೇ ಹಿಡಿದವು. ಇಂಗ್ಲೆಂಡಿನ ಬಿಯರ್ ತಯಾರಕ ಜೋಸೆಫ್ ಲೊವಿಬಾಂಡ್ 1885ರಲ್ಲಿ ಬಣ್ಣದ ಗಾಜುಗಳ ಟಿಂಟೋಮೀಟರ್ ಮಾಡಿದರು. ಅಮೆರಿಕದ ಆಲೆನ್ ಹೇಜನ್ 1892ರಲ್ಲಿ ಕುಡಿಯುವ ನೀರಿನ ಹಳದಿ ಛಾಯೆಗೆ ಪ್ಲಾಟಿನಂ-ಕೋಬಾಲ್ಟ್ ಮಾಪನವನ್ನು ತಂದರು. ಔಷಧಗಳ ಮಟ್ಟಿಗೆ ದಾರಿ ಹಾಕಿದವರು ಅಮೆರಿಕದ ಔಷಧಶಾಸ್ತ್ರಜ್ಞ ಹೆನ್ರಿ ಆರ್ನಿ. ಕೋಬಾಲ್ಟ್, ಕಬ್ಬಿಣ, ತಾಮ್ರದ ಲವಣಗಳ ದ್ರಾವಣಗಳನ್ನು ಬೆರೆಸಿ ಬೇಕಾದ ಛಾಯೆಗಳನ್ನು ಪಡೆಯಬಹುದು ಎಂದು ಅವರು ತೋರಿಸಿದರು.

ಆ ಮೂರು ಲವಣಗಳು ಇಂದಿಗೂ ನಿವೃತ್ತವಾಗಿಲ್ಲ. ಯುರೋಪಿನ ಫಾರ್ಮಕೋಪಿಯದಲ್ಲಿ ಹಳದಿಗೆ ಫೆರಿಕ್ ಕ್ಲೋರೈಡ್, ಕೆಂಪಿಗೆ ಕೋಬಾಲ್ಟ್ ಕ್ಲೋರೈಡ್, ನೀಲಿಗೆ ತಾಮ್ರದ ಸಲ್ಫೇಟ್. ಒಂದು ಲೀಟರಿನಲ್ಲಿ ಕ್ರಮವಾಗಿ 45, 59.5 ಮತ್ತು 62.4 ಗ್ರಾಂ. ಇವುಗಳ ಮಿಶ್ರಣಗಳಿಂದ ಕಂದು, ಕಂದುಹಳದಿ, ಹಳದಿ, ಹಸಿರುಹಳದಿ, ಕೆಂಪು ಎಂಬ ಐದು ಸಾಲುಗಳಲ್ಲಿ 37 ದ್ರಾವಣಗಳಾಗುತ್ತವೆ. ಔಷಧದ ದ್ರಾವಣವನ್ನು ಇವುಗಳ ಪಕ್ಕದಲ್ಲಿಟ್ಟು, ಬಿಳಿ ಹಿನ್ನೆಲೆಯಲ್ಲಿ, ಹಗಲಿನ ಹರಡಿದ ಬೆಳಕಿನಲ್ಲಿ ನೋಡಬೇಕು. ನಮ್ಮ ಇಂಡಿಯನ್ ಫಾರ್ಮಕೋಪಿಯವೂ ಇಂಥದೇ ಹೋಲಿಕೆಯ ದ್ರಾವಣಗಳನ್ನು ಬಳಸುತ್ತದೆ. ಪದ್ಧತಿ ಸರಳ, ಅಗ್ಗ, ಅದನ್ನು ಹೀಗಳೆಯಲಾರೆ. ಆದರೆ ಮಲೆನಾಡಿನ ಆಷಾಢದ ಮಧ್ಯಾಹ್ನ ಕಿಟಕಿಯಲ್ಲಿ ಬರುವ ಬೆಳಕೂ ಬೇಸಿಗೆಯ ಬೆಳಕೂ ಒಂದೇ ಅಲ್ಲ. ಎರಡು ದ್ರಾವಣಗಳ ನಡುವೆ ಬೀಳುವ ಮಾದರಿಯನ್ನು ಒಬ್ಬರು ಪಾಸು ಮಾಡಿದರೆ ಇನ್ನೊಬ್ಬರು ತಳ್ಳಿಹಾಕಬಹುದು. ಮಾದರಿಯ ಛಾಯೆ ಈ ಐದು ಸಾಲುಗಳಲ್ಲಿ ಯಾವುದಕ್ಕೂ ಸೇರದಿದ್ದರಂತೂ ಕಣ್ಣಿಗೆ ಆಧಾರವೇ ಇಲ್ಲ.

ಇತ್ತ ಬಣ್ಣದಿಂದ ವಸ್ತುವಿನ ಪ್ರಮಾಣವನ್ನು ತಿಳಿಯುವ ವಿದ್ಯೆ ಬೇರೆ ದಾರಿಯಲ್ಲಿ ಬೇಗ ಬೆಳೆಯಿತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗುವ ವೇಳೆಗೆ ಲೋಹದ ಪ್ರಯೋಗಾಲಯಗಳಿಗೆ ಇದು ರೂಢಿಯ ಕೆಲಸ. ಉಕ್ಕನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದಾಗ ಬರುವ ಕಂದು ಬಣ್ಣದಿಂದ ಇಂಗಾಲವನ್ನು ಅಂದಾಜು ಮಾಡುವ ಎಗರ್ಟ್ಸ್ ವಿಧಾನ 1862ರಷ್ಟು ಹಳೆಯದು. ಮ್ಯಾಂಗನೀಸನ್ನು ನೇರಳೆ ಪರ್ಮಾಂಗನೇಟ್ ಆಗಿಸಿ ಅಳೆಯುವುದೂ ಇದೇ ಜಾತಿಯದು. ಕಣ್ಣಿನ ಜಾಗಕ್ಕೆ ದ್ಯುತಿಕೋಶ ಬಂತು, 1941ರಲ್ಲಿ ಒಂದೊಂದು ತರಂಗಾಂತರದ ಬೆಳಕಿನ ಹೀರಿಕೆಯನ್ನು ಅಳೆಯುವ ಬೆಕ್‌ಮನ್ ಡಿಯು ಸ್ಪೆಕ್ಟ್ರೋಫೋಟೋಮೀಟರ್ ಬಂತು.

ಕರ್ನಾಟಕದಲ್ಲಿ ಈ ವಿದ್ಯೆ ಔಷಧಗಳ ಕಡೆ ಹೊರಳಿದ್ದು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ. ಕ್ಲೋರ್‌ಪ್ರೊಮಜಿನ್‌ನಂಥ ಫೀನೊಥಯಜಿನ್ ಔಷಧಗಳು ಉತ್ಕರ್ಷಣೆಗೊಂಡರೆ ಕೆಂಪಾಗುತ್ತವೆ. ಎಚ್. ಸಂಕೇಗೌಡರ ಬಳಗ ಆ ಗುಣವನ್ನೇ ಹಿಡಿದು, ಈ ಗುಂಪಿನ ಔಷಧಗಳಿಂದ ಲೋಹಗಳನ್ನು ಅಳೆಯುವ ವಿಧಾನಗಳನ್ನು ಕಟ್ಟಿತು. ಮುಂದೆ ಕೆ. ಬಸವಯ್ಯನವರ ತಂಡ ಔಷಧಗಳ ಪ್ರಮಾಣವನ್ನೇ ಬಣ್ಣದ ಕ್ರಿಯೆಗಳಿಂದ ಅಳೆಯುವ ಹಲವು ಅಗ್ಗದ ಕ್ರಮಗಳನ್ನು ಪ್ರಕಟಿಸಿತು. ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿ, 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯದ ಬಿ.ಇ. ಕುಮಾರಸ್ವಾಮಿ, ಬಿ.ಎಸ್. ಶೇರಿಗಾರ ಮುಂತಾದವರು ವಿದ್ಯುತ್‌ರಸಾಯನದ ಹಾದಿ ಹಿಡಿದು, ಎರಿಯೊಕ್ರೋಮ್ ಬ್ಲ್ಯಾಕ್ ಟಿಯಂಥ ಬಣ್ಣದ್ರವ್ಯಗಳ ಪದರ ಕೂರಿಸಿದ ವಿದ್ಯುದ್ವಾರಗಳಿಂದ ನರಸಂದೇಶವಾಹಕವಾದ ಡೋಪಮೈನನ್ನು ಗುರುತಿಸಿದರು. ಇದೆಲ್ಲ ನಿಜಕ್ಕೂ ಹೆಮ್ಮೆಯ ಪರಂಪರೆ. ಆದರೆ ಇವು ಉತ್ತರಿಸುವುದು ‘ಎಷ್ಟಿದೆ’ ಎಂಬ ಪ್ರಶ್ನೆಗೆ. ಚುಚ್ಚುಮದ್ದಿನ ಅಡ್ರಿನಲಿನ್ ಉತ್ಕರ್ಷಣೆಯಿಂದ ಗುಲಾಬಿಯಾಗುತ್ತದೆ, ವಿಟಮಿನ್ ಸಿ ಹಳದಿ ತಿರುಗುತ್ತದೆ. ಆಗ ಬೇಕಾಗುವುದು ‘ಹೇಗೆ ಕಾಣುತ್ತಿದೆ’ ಎಂಬುದಕ್ಕೆ ಉತ್ತರ. ಒಂದೇ ತರಂಗಾಂತರದ ಹೀರಿಕೆ ಅದನ್ನು ಹೇಳಲಾರದು.

ಆ ಎರಡನೆಯ ಪ್ರಶ್ನೆಗೆ ಹತ್ತಿರದ ಉತ್ತರವಿದ್ದದ್ದು ಔಷಧದವರ ಬಳಿಯಲ್ಲ, ಕಾಗದದವರ ಬಳಿ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1936ರಲ್ಲಿ. ಕಾಗದದ ಹೊಳಪನ್ನು 457 ನ್ಯಾನೋಮೀಟರಿನ ಸುತ್ತಲಿನ ನೀಲಿ ಬೆಳಕಿನ ಪ್ರತಿಫಲನದಿಂದ ಅಳೆಯಬೇಕು, ಬೆಳಕು ಹೀಗೆ ಬೀಳಬೇಕು, ಇಂಥ ಬಿಳಿಯ ಜೊತೆ ಹೋಲಿಸಬೇಕು ಎಂದು ಕಾಗದ ಉದ್ಯಮ ಮಾನಕಗಳನ್ನು ಕಟ್ಟಿಕೊಂಡಿತ್ತು. ಅಪಾರದರ್ಶಕ ಪದರದಲ್ಲಿ ಬೆಳಕು ಎಷ್ಟು ಚದುರುತ್ತದೆ, ಎಷ್ಟು ಹೀರಲ್ಪಡುತ್ತದೆ ಎಂಬುದಕ್ಕೆ 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಕೊಟ್ಟ ಸೂತ್ರ ಅವರ ಕೈಗೆ ಬಂತು. ಅದೇ ವರ್ಷ ಅಂತರರಾಷ್ಟ್ರೀಯ ದೀಪನ ಆಯೋಗ ಸರಾಸರಿ ಕಣ್ಣಿನ ಸಂವೇದನೆಯನ್ನು ಕೋಷ್ಟಕವಾಗಿಸಿತು. 1976ರ ಸಿಐಇ ಲ್ಯಾಬ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಂಕಿ: ಬೆಳಕಿನ ಮಟ್ಟ, ಕೆಂಪು-ಹಸಿರು, ಹಳದಿ-ನೀಲಿ. ಎರಡು ಬಣ್ಣಗಳ ಅಂತರ ಒಂದೇ ಸಂಖ್ಯೆಯಲ್ಲಿ ಸಿಗತೊಡಗಿತು.

ಮಾತ್ರೆಗೂ ಪುಡಿಗೂ ಬೇಕಾದ ಗಣಿತ ಇದೇ. ತೊಡಕಿರುವುದು ಮಾದರಿಯಲ್ಲಿ. ಪುಡಿ ನುಣುಪಾದಷ್ಟೂ ಬೆಳಕು ಹೆಚ್ಚು ಚದುರಿ ಬಿಳಿಯಾಗಿ ಕಾಣುತ್ತದೆ. ಅದುಮಿದರೆ ಅಂಕಿ ಬದಲು, ತೇವ ತಾಗಿದರೆ ಮತ್ತೆ ಬದಲು. ದ್ರಾವಣ ತುಸು ಮಬ್ಬಾಗಿದ್ದರೂ ಉಪಕರಣ ಅದನ್ನು ಬಣ್ಣವೆಂದೇ ಎಣಿಸಬಹುದು. ಫಾರ್ಮಕೋಪಿಯಗಳು ಉಪಕರಣದ ಅಳತೆಯನ್ನು ಒಪ್ಪಿಕೊಂಡ ಮೇಲೂ ಈ ಎಚ್ಚರ ವಿಶ್ಲೇಷಕರ ಮೇಲೆಯೇ ಇದೆ. ಹೊಸ ವಿಧಾನವೊಂದನ್ನು ನಂಬಬೇಕಾದರೆ ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಅದೇ ಅಂಕಿ ಬರುತ್ತದೆಯೇ ಎಂಬುದೇ ನನ್ನ ಪ್ರಕಾರ ಮೊದಲ ಪರೀಕ್ಷೆ. ದೀಪದ ಬಗೆ, ನೋಟದ ಕೋನ, ಹಿನ್ನೆಲೆ, ಮಾದರಿಯ ದಪ್ಪ ಬರೆಯದ ವರದಿಯ ಮೂರು ಅಂಕಿಗಳಿಗೆ ಬೆಲೆಯಿಲ್ಲ.

ಶಿವಮೊಗ್ಗದ ಔಷಧ ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಔಷಧದ ಪ್ರಮಾಣಕ್ಕೆ ಇನ್ನೊಂದು ಯುವಿ ವಿಧಾನವನ್ನು ಸೇರಿಸುವುದರ ಬದಲು, ಗಂಧದೆಣ್ಣೆಯ ಒಂದೇ ಮಾದರಿಯನ್ನು ಬೆಳಕಿನಲ್ಲೂ ಕತ್ತಲಲ್ಲೂ ತಿಂಗಳುಗಟ್ಟಲೆ ಇಟ್ಟು ಅದರ ಮೂರು ಅಂಕಿಗಳ ಚಲನೆಯನ್ನು ದಾಖಲಿಸಬಹುದು. ಅದರ ಪಕ್ಕದಲ್ಲೇ ಮೂರು ಲವಣಗಳ ದ್ರಾವಣಗಳೊಂದಿಗೆ ಕಣ್ಣಿನ ಹೋಲಿಕೆಯನ್ನೂ ನಡೆಸಿ, ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಬರೆದಿಡಬಹುದು.