ಲಿಸ್ನಗಾರ್ವಿ: ಜೂಜುಕೋರರ ಕೋಟೆಯ ಹಾಕಿ ತಂಡ

ಉತ್ತರ ಐರ್ಲೆಂಡಿನ ಲಿಸ್ಬರ್ನ್ ಪಟ್ಟಣದ ಮಾರ್ಕೆಟ್ ಚೌಕದಲ್ಲಿ ಒಂದು ಕಂಚಿನ ಪ್ರತಿಮೆ ನಿಂತಿದೆ. ಒಂದು ಕೈಯಲ್ಲಿ ಬಿಚ್ಚುಗತ್ತಿ, ಇನ್ನೊಂದರಲ್ಲಿ ಪಿಸ್ತೂಲು. 1857ರ ಸೆಪ್ಟೆಂಬರಿನಲ್ಲಿ ದೆಹಲಿಯ ಕೋಟೆಗೆ ನುಗ್ಗುವಾಗ ಗುಂಡೇಟು ತಿಂದು ಸತ್ತ ಬ್ರಿಗೇಡಿಯರ್ ಜನರಲ್ ಜಾನ್ ನಿಕಲ್ಸನ್ ಇವನೇ. ತಂದೆ ತೀರಿಕೊಂಡ ಮೇಲೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಈ ಊರು ಸೇರಿದ್ದರಿಂದ ಲಿಸ್ಬರ್ನ್ ಅವನನ್ನು ತನ್ನ ಮಗನೆಂದೇ ಎಣಿಸಿ 1922ರಲ್ಲಿ ಚೌಕದ ನಡುವೆ ನಿಲ್ಲಿಸಿತು. ದೆಹಲಿಯಲ್ಲೂ ಅವನದೊಂದು ಪ್ರತಿಮೆ ಇತ್ತು. ಸ್ವತಂತ್ರ ಭಾರತಕ್ಕೆ ಅದು ಬೇಡವಾಯಿತು. ಹಡಗು ಹತ್ತಿ ಹೋದ ಆ ಮೂರ್ತಿ ಅವನು ಓದಿದ ಡಂಗ್ಯಾನನ್ ಶಾಲೆಯ ಅಂಗಳದಲ್ಲಿ 1960ರಿಂದ ನಿಂತಿದೆ.

ಭಾರತದಿಂದ ಹೋದವರ ಕಣ್ಣಿಗೆ ಆ ಚೌಕದಲ್ಲಿ ಮೊದಲು ಬೀಳುವವನು ನಿಕಲ್ಸನ್. ಹಾಕಿ ಬಲ್ಲವರಿಗೆ ಮಾತ್ರ ಈ ಊರು ಇನ್ನೊಂದು ಹೆಸರಿನಿಂದ ಗೊತ್ತು: ಲಿಸ್ನಗಾರ್ವಿ. ಐರ್ಲೆಂಡಿನ ಪುರುಷರ ಹಾಕಿಯಲ್ಲಿ ಅತಿ ಹೆಚ್ಚು ಬಾರಿ ಐರಿಷ್ ಸೀನಿಯರ್ ಕಪ್ ಎತ್ತಿದ ಕ್ಲಬ್ಬಿನ ಹೆಸರದು. ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದೆ. ಬೆಂಬಲಿಗರ ಬಾಯಲ್ಲಿ ಬರೀ ‘ಗಾರ್ವಿ’.

ಇದು ಮೂಲದಲ್ಲಿ ಊರಿನದೇ ಹೆಸರು. ಬೆಲ್‌ಫಾಸ್ಟಿನಿಂದ ಹದಿಮೂರು ಕಿಲೋಮೀಟರ್ ದೂರದಲ್ಲಿ, ಲ್ಯಾಗನ್ ನದಿಯ ದಂಡೆಯಲ್ಲಿ, ‘ಜೂಜುಕೋರರ ಕೋಟೆ’ ಎಂದು ಐರಿಷ್ ಭಾಷೆಯಲ್ಲಿ ಕರೆಸಿಕೊಳ್ಳುತ್ತಿದ್ದ ಒಂದು ಮಣ್ಣಿನ ದುರ್ಗವಿತ್ತು. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಅರಸ ಒಂದನೇ ಜೇಮ್ಸ್ ಈ ಸೀಮೆಯನ್ನು ಸರ್ ಫುಲ್ಕ್ ಕಾನ್ವೇ ಎಂಬಾತನಿಗೆ ಬರೆದುಕೊಟ್ಟ. ಇಂಗ್ಲೆಂಡ್, ವೇಲ್ಸ್‌ಗಳ ವಲಸಿಗರು ಬಂದು ನೆಲೆಸಿದರು. 1641ರ ದಂಗೆಯಲ್ಲಿ ಫೆಲಿಮ್ ಓನೀಲನ ಐರಿಷ್ ಪಡೆ ನವೆಂಬರ್ 28ರಂದು ಊರ ಮೇಲೆ ಬಿತ್ತು. ಕಾಳಗದಲ್ಲಿ ಸೋತು ಹಿಂದೆ ಸರಿಯಿತು, ಊರು ಮಾತ್ರ ಉರಿದುಹೋಯಿತು. ಆ ಕಾಳಗ ಚರಿತ್ರೆಯಲ್ಲಿ ಲಿಸ್ನಗಾರ್ವಿಯ ಕದನವೆಂದೇ ದಾಖಲಾಗಿದೆ. ಅದೇ ಶತಮಾನದಲ್ಲಿ ಜನರ ಬಾಯಲ್ಲಿ ಲಿಸ್ಬರ್ನ್ ಎಂಬ ಹೆಸರು ನಿಂತಿತು. ಊರು ಸುಟ್ಟದ್ದಕ್ಕೇ ಆ ಹೆಸರು ಬಂತೆಂದು ಹೇಳುವವರಿದ್ದಾರೆ, ವಿದ್ವಾಂಸರು ಒಪ್ಪುವುದಿಲ್ಲ. ಬೆಂಕಿಗೆ ಮಾತ್ರ ಈ ಊರಿನ ಮೇಲೆ ಕಣ್ಣು ಇದ್ದೇ ಇತ್ತು: 1707ರಲ್ಲಿ ಇನ್ನೊಮ್ಮೆ ಊರು ಸುಟ್ಟಿತು, ಕಾನ್ವೇ ಮನೆತನದ ಕೋಟೆಮನೆಯೂ ಅದರೊಡನೆ ಹೋಯಿತು.

ಊರಿಗೆ ಅನ್ನ ಕೊಟ್ಟದ್ದು ಅಗಸೆ ನಾರು. ಫ್ರಾನ್ಸಿನಲ್ಲಿ ಪ್ರೊಟೆಸ್ಟಂಟರಿಗೆ ಉಳಿಗಾಲವಿಲ್ಲವಾದಾಗ ದೇಶ ಬಿಟ್ಟ ಹ್ಯೂಗೆನಾಟ್ ನೇಕಾರರಲ್ಲಿ ಹಲವರು ಇಲ್ಲಿ ಬೀಡುಬಿಟ್ಟರು. ಪಿಕಾರ್ಡಿಯ ಲೂಯಿ ಕ್ರೊಮೆಲಿನ್ ಅರಸ ಮೂರನೇ ವಿಲಿಯಮನ ಕರೆಯ ಮೇರೆಗೆ 1698ರಲ್ಲಿ ಬಂದು ಲಿನನ್ ಕಸುಬಿಗೆ ಹೊಸ ಮಗ್ಗ, ಹೊಸ ಶಿಸ್ತು ತಂದ. ಅವನ ಸಮಾಧಿ ಊರಿನ ಕತೀಡ್ರಲ್ ಅಂಗಳದಲ್ಲಿದೆ. ಅಗಸೆಯ ಕಂತೆಗಳನ್ನು ಹೊಂಡದಲ್ಲಿ ನೆನೆಹಾಕಿ, ಕೊಳೆಸಿ, ಬಡಿದು, ನಾರು ತೆಗೆದು ನೂಲುವ ಕೆಲಸವದು. ನೆನೆಹಾಕಿದ ದಿನಗಳಲ್ಲಿ ಸುತ್ತಲ ಹಳ್ಳಿಗಳೆಲ್ಲ ಗಬ್ಬು ನಾರುತ್ತಿದ್ದವು. ನೇಯ್ದ ಬಟ್ಟೆ ಲ್ಯಾಗನ್ ದಡದ ಹುಲ್ಲುಗಾವಲುಗಳಲ್ಲಿ ಬಿಸಿಲಿಗೆ ಬೆಳ್ಳಗಾಗುತ್ತಿತ್ತು. 1784ರಲ್ಲಿ ಜಾನ್ ಬಾರ್ಬರ್ ಶುರುಮಾಡಿದ ದಾರದ ಉದ್ಯಮ ಮುಂದೆ ಹಿಲ್ಡನ್ ಗಿರಣಿಯಾಗಿ ಬೆಳೆದು ಲಿನನ್ ದಾರದಲ್ಲಿ ಜಗತ್ತಿಗೇ ದೊಡ್ಡದೆನಿಸಿತು. ಗಿರಣಿಯ ಸುತ್ತ ಕೆಲಸಗಾರರ ಮನೆಗಳ ಸಾಲು, ಅದರ ಪಕ್ಕದಲ್ಲೇ ಶಾಲೆ. 2006ರಲ್ಲಿ ಅದರ ಬಾಗಿಲು ಮುಚ್ಚಿತು.

1839ರಲ್ಲಿ ಬೆಲ್‌ಫಾಸ್ಟಿನಿಂದ ಲಿಸ್ಬರ್ನಿಗೆ ರೈಲು ಬಂತು. ಅಲ್‌ಸ್ಟರ್ ಪ್ರಾಂತ್ಯದ ಮೊದಲ ರೈಲು ಮಾರ್ಗವದು. ಇನ್ನು ಮೂರು ದಶಕ ಕಳೆದು ಊರಿನ ಜಹಗೀರು ರಿಚರ್ಡ್ ವ್ಯಾಲೆಸ್ ಎಂಬ ಕಲಾಸಂಗ್ರಾಹಕನ ಕೈಗೆ ಬಂತು. ಪ್ಯಾರಿಸ್ಸಿನ ಬೀದಿಗಳಿಗೆ ಕುಡಿಯುವ ನೀರಿನ ಕಬ್ಬಿಣದ ಕಾರಂಜಿಗಳನ್ನು ದಾನ ಮಾಡಿದವನು, ಲಂಡನ್ನಿನ ವ್ಯಾಲೆಸ್ ಕಲೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವನೇ. ಲಿಸ್ಬರ್ನಿಗೂ ಅಂಥವೇ ಕಾರಂಜಿಗಳನ್ನು ತರಿಸಿದ. ಊರನ್ನು ಸಂಸತ್ತಿನಲ್ಲಿ ಪ್ರತಿನಿಧಿಸಿದ, ಪಾರ್ಕ್ ಬಿಟ್ಟುಕೊಟ್ಟ, 1880ರಲ್ಲಿ ಒಂದು ಶಾಲೆಗೆ ಅಡಿಪಾಯ ಹಾಕಿದ. ಆ ಶಾಲೆ ಇಂದಿನ ವ್ಯಾಲೆಸ್ ಹೈಸ್ಕೂಲ್. 1774ರಷ್ಟು ಹಿಂದೆಯೇ ಕ್ವೇಕರ್ ಪಂಥದವರು ಕಟ್ಟಿದ ಫ್ರೆಂಡ್ಸ್ ಸ್ಕೂಲ್ ಅದಾಗಲೇ ಊರಲ್ಲಿತ್ತು. ಹಾಕಿಯ ಬೆಳೆಗೆ ಬೇಕಾದದ್ದೆಲ್ಲ ಹೀಗೆ ಒದಗಿತ್ತು: ಗಿರಣಿಯ ಹಣ, ಶನಿವಾರದ ಅರ್ಧ ದಿನ ಬಿಡುವು, ಎರಡು ಒಳ್ಳೆಯ ಶಾಲೆ, ಒಂದು ರೈಲು ನಿಲ್ದಾಣ.

ಆಟ ಬಂದ ದಾರಿ ಸ್ವಲ್ಪ ಸುತ್ತಿನದು. ಐರ್ಲೆಂಡಿನ ಸ್ವಂತ ಕೋಲು-ಚೆಂಡಿನ ಆಟ ಹರ್ಲಿಂಗ್. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಹುಡುಗರು 1870ರ ಹೊತ್ತಿಗೆ ಅದರ ಸಾಧು ರೂಪವೊಂದನ್ನು ನಿಯಮಕ್ಕೆ ಒಗ್ಗಿಸಿ ‘ಹರ್ಲಿ’ ಎಂದು ಆಡುತ್ತಿದ್ದರು. ಇಂಗ್ಲೆಂಡಿನ ಹಾಕಿ ಕಾಲಿಟ್ಟಾಗ ಹರ್ಲಿ ಆಡುತ್ತಿದ್ದವರೇ ಕೋಲು ಬದಲಿಸಿದರು. 1893ರಲ್ಲಿ ಐರಿಷ್ ಹಾಕಿ ಯೂನಿಯನ್ ಹುಟ್ಟಿತು, ಮರುವರ್ಷವೇ ಸೀನಿಯರ್ ಕಪ್ ಶುರುವಾಯಿತು. ಹೆಂಗಸರು ಕಾದು ಕೂರಲಿಲ್ಲ. 1894ರಲ್ಲೇ ತಮ್ಮದೇ ಯೂನಿಯನ್ ಕಟ್ಟಿಕೊಂಡರು. ಜಗತ್ತಿನಲ್ಲಿ ಮಹಿಳಾ ಹಾಕಿಗೆಂದೇ ಹುಟ್ಟಿದ ಮೊದಲ ರಾಷ್ಟ್ರೀಯ ಸಂಸ್ಥೆ ಅದು. 1896ರ ಮಾರ್ಚಿನಲ್ಲಿ ಡಬ್ಲಿನ್ನಿನ ಅಲೆಕ್ಸಾಂಡ್ರಾ ಕಾಲೇಜಿನ ಅಂಗಳದಲ್ಲಿ ಅವರು ಇಂಗ್ಲೆಂಡನ್ನು 2–0ರಿಂದ ಸೋಲಿಸಿದರು. ಉದ್ದ ಲಂಗ ಉಟ್ಟು, ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು ಓಡಿ ಗೆದ್ದ ಪಂದ್ಯ.

ಲಿಸ್ಬರ್ನಿನ ಕ್ಲಬ್ಬು ಹುಟ್ಟಿದ್ದು 1901ರಲ್ಲಿ. ಊರಿನ ಚಾಲ್ತಿ ಹೆಸರು ಕೈಗೆ ಸಿಗುವಂತಿದ್ದರೂ ಅವರು ಎರಡೂವರೆ ಶತಮಾನದ ಹಿಂದೆ ಊರೇ ಕೈಬಿಟ್ಟ ಹೆಸರನ್ನು ಎತ್ತಿಕೊಂಡರು. ಆಡುವವರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟ್ ಮಧ್ಯಮ ವರ್ಗದವರು, ಇಟ್ಟ ಹೆಸರು ಮಾತ್ರ ಅಪ್ಪಟ ಐರಿಷ್. ಆ ಕಾಲಕ್ಕೆ ಇದರಲ್ಲಿ ಯಾರಿಗೂ ವಿರೋಧಾಭಾಸ ಕಾಣಿಸಿರಲಾರದು. ಇಂದು ಕೇಳುವವರ ಕಿವಿಗೆ ಸ್ವಲ್ಪ ಹಾಗೆ ಕೇಳಿಸುತ್ತದೆ.

ಅದೇ ವರ್ಷಗಳಲ್ಲಿ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್‌ನ ಸಂಘ ಜಿಎಎ, ‘ಪರದೇಶಿ’ ಆಟ ಆಡುವ ಸದಸ್ಯರನ್ನು ಹೊರಹಾಕುವ ನಿಯಮ ಮಾಡಿಕೊಂಡಿತು. ರಗ್ಬಿ, ಸಾಕರ್, ಕ್ರಿಕೆಟ್, ಹಾಕಿ, ಈ ನಾಲ್ಕಕ್ಕೂ ಬಹಿಷ್ಕಾರ. ಆಡುವುದಿರಲಿ, ಬೇಲಿಯಾಚೆ ನಿಂತು ನೋಡಿದರೂ ತಪ್ಪು. 1971ರವರೆಗೆ ಈ ನಿಯಮ ಇತ್ತೆಂದರೆ ಹಾಕಿ ಕೋಲು ಹಿಡಿದ ಹುಡುಗ ಯಾವ ಶಾಲೆಯವನು, ಯಾವ ಚರ್ಚಿಗೆ ಹೋಗುವವನು ಎಂದು ಬೀದಿಯಲ್ಲಿ ನೋಡಿದವರು ಊಹಿಸಬಹುದಾಗಿತ್ತು. ಹಾಕಿ ಒಂದು ಬದಿಯವರ ಆಟವಾಗಿ ಉಳಿಯಲು ಆಟಗಾರರಷ್ಟೇ ಈ ನಿಯಮವೂ ಕಾರಣ.

1920ರ ಆಗಸ್ಟ್ 22, ಭಾನುವಾರ. ಕತೀಡ್ರಲ್‌ನಿಂದ ಪ್ರಾರ್ಥನೆ ಮುಗಿಸಿ ಹೊರಬಂದ ಪೊಲೀಸ್ ಅಧಿಕಾರಿ ಆಸ್ವಾಲ್ಡ್ ಸ್ವಾಂಝಿಯನ್ನು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಬಂಡುಕೋರರು ಚೌಕದಲ್ಲೇ ಗುಂಡಿಟ್ಟು ಕೊಂದರು. ಕಾರ್ಕ್ ನಗರದ ಮೇಯರ್ ತೋಮಾಸ್ ಮಕ್‌ಕರ್ಟನ್‌ರ ಕೊಲೆಯಲ್ಲಿ ಅಲ್ಲಿನ ಜ್ಯೂರಿ ಸ್ವಾಂಝಿಯ ಹೆಸರು ಹೇಳಿತ್ತು, ಆಮೇಲೆ ಅವನಿಗೆ ಲಿಸ್ಬರ್ನಿಗೆ ವರ್ಗವಾಗಿತ್ತು. ಕೊಲ್ಲಲು ಬಳಸಿದ್ದು ಮೇಯರರದೇ ರಿವಾಲ್ವರ್. ಮುಂದಿನ ಮೂರು ದಿನ ಗುಂಪುಗಳು ಕ್ಯಾಥೊಲಿಕರ ಅಂಗಡಿ ಮನೆಗಳಿಗೆ ಬೆಂಕಿ ಇಟ್ಟವು. ಊರಿನ ಬಹುಪಾಲು ಕ್ಯಾಥೊಲಿಕರು ಉಟ್ಟ ಬಟ್ಟೆಯಲ್ಲಿ ಬೆಲ್‌ಫಾಸ್ಟ್ ದಾರಿ ಹಿಡಿದರು. ಮರುವರ್ಷ ದ್ವೀಪವೇ ಎರಡಾಯಿತು.

ದೇಶ ಒಡೆದಾಗ ಫುಟ್‌ಬಾಲ್ ಒಡೆಯಿತು. ಬೆಲ್‌ಫಾಸ್ಟಿಗೊಂದು, ಡಬ್ಲಿನ್ನಿಗೊಂದು ಸಂಘ, ಎರಡು ರಾಷ್ಟ್ರೀಯ ತಂಡ. ಹಾಕಿ ಒಡೆಯಲಿಲ್ಲ. ಗಡಿಯಲ್ಲಿ ಸುಂಕದ ಕಟ್ಟೆ ಎದ್ದಮೇಲೂ ಸೀನಿಯರ್ ಕಪ್ ಇಡೀ ದ್ವೀಪದ್ದೇ ಆಗಿ ಉಳಿಯಿತು, ಅಂತರರಾಷ್ಟ್ರೀಯ ತಂಡವೂ ಒಂದೇ. ಯೂನಿಯನ್ ಜಾಕ್ ಹಾರುವ ಊರಿನ ಲಿಸ್ನಗಾರ್ವಿಯ ಹುಡುಗ ಐರ್ಲೆಂಡಿನ ಹಸಿರು ಅಂಗಿ ತೊಟ್ಟು ಆಡುವುದು ಇದರಿಂದ ಸಹಜ ಸಂಗತಿಯಾಯಿತು. ಈ ಕ್ಲಬ್ಬಿನ ಕಪಾಟಿನಲ್ಲಿರುವ ಎಲ್ಲ ಬೆಳ್ಳಿಗಿಂತ ಇದು ಹೆಚ್ಚು ಕುತೂಹಲದ ವಿಷಯ.

ಸ್ಥಳೀಯ ಜಿದ್ದಿಗೆ ಅಲ್‌ಸ್ಟರ್ ಪ್ರಾಂತ್ಯದ್ದೇ ಕಪ್‌ಗಳಿವೆ. ಅವುಗಳಲ್ಲಿ ಕರ್ಕ್ ಕಪ್ ಫೈನಲ್ ನಡೆಯುವ ವಾಡಿಕೆ ಕ್ರಿಸ್‌ಮಸ್ ಮರುದಿನ, ಡಿಸೆಂಬರ್ 26ರಂದು. ಹಿಂದಿನ ದಿನ ಬಾತು, ಪುಡ್ಡಿಂಗು ಉಂಡು ಸೋಫಾಕ್ಕೆ ಅಂಟಿದ್ದ ಅಪ್ಪಂದಿರು, ದೊಡ್ಡಪ್ಪಂದಿರು, ಬೋರ್ಡಿಂಗಿನಿಂದ ಮನೆಗೆ ಬಂದ ಹುಡುಗರು, ಇಂಗ್ಲೆಂಡಿನಲ್ಲಿ ನೌಕರಿ ಮಾಡುತ್ತ ರಜೆಗೆ ಬಂದವರು ಎಲ್ಲರೂ ಉಣ್ಣೆಟೋಪಿ ಹಾಕಿಕೊಂಡು ಬೇಲಿಗೆ ಒರಗುತ್ತಾರೆ. ಉಸಿರು ಹೊಗೆಯಾಗುವ ಚಳಿ, ನಾಲ್ಕು ಗಂಟೆಗೆಲ್ಲ ಕತ್ತಲು. ಚೆಂಡು ಬಡಿದರೆ ಮರಗಟ್ಟಿದ ಬೆರಳು ಜುಮ್ಮೆನ್ನುತ್ತದೆ. ಪಂದ್ಯದಷ್ಟೇ ಮುಖ್ಯ, ವರ್ಷಕ್ಕೊಮ್ಮೆ ಮುಖ ನೋಡುವವರ ಹರಟೆ. ಬ್ಯಾನ್‌ಬ್ರಿಜ್, ಇನ್‌ಸ್ಟೋನಿಯನ್ಸ್, ಕುಕ್ಸ್‌ಟೌನ್, ಆ್ಯನಡೇಲ್ ತಂಡಗಳಿಗೆ ಆ ದಿನ ಗಾರ್ವಿಯನ್ನು ಹೊಡೆದರೆ ಹೊಸ ವರ್ಷದವರೆಗೂ ಮಾತಾಡಲು ಸರಕು.

ಆಟಗಾರರ ನರ್ಸರಿ ಎಂದರೆ ಶಾಲೆಗಳೇ. ಅಲ್‌ಸ್ಟರ್ ಶಾಲಾ ಹುಡುಗರ ಬರ್ನಿ ಕಪ್‌ನಲ್ಲಿ ಮಿಂಚಿದವನು ಮುಂದಿನ ಸೆಪ್ಟೆಂಬರಿಗೆ ಯಾವ ಕ್ಲಬ್ಬಿಗೆ ಹೋಗುತ್ತಾನೆ ಎಂಬುದು ದೊಡ್ಡ ಚರ್ಚೆ. ಫ್ರೆಂಡ್ಸ್ ಸ್ಕೂಲಿನಲ್ಲಿ ಓದಿ ಲಿಸ್ನಗಾರ್ವಿಗೆ ಆಡಿದವರಲ್ಲಿ ಜಿಮ್ಮಿ ಕರ್ಕ್‌ವುಡ್ ಹೆಸರು ಮೊದಲು ಬರುತ್ತದೆ. ಲಿಸ್ಬರ್ನಿನಲ್ಲೇ ಹುಟ್ಟಿದ ಇವರು ಐರ್ಲೆಂಡಿಗೆ ಕ್ರಿಕೆಟ್ಟನ್ನೂ ಆಡಿದವರು.

1988 ಆ ಊರಿಗೆ ಕೆಟ್ಟ ವರ್ಷ. ಜೂನ್ 15ರಂದು ಲಿಸ್ಬರ್ನಿನಲ್ಲಿ ದತ್ತಿ ಓಟವೊಂದು ನಡೆಯಿತು. ಓಡಿ ದಣಿದು ವ್ಯಾನ್ ಹತ್ತಿದ ಆರು ಮಂದಿ ಸೈನಿಕರು ಐಆರ್‌ಎ ಇಟ್ಟ ಬಾಂಬಿಗೆ ಊರ ನಡುವೆಯೇ ಬಲಿಯಾದರು. ಬ್ರಿಟಿಷ್ ಸೇನೆಯ ಉತ್ತರ ಐರ್ಲೆಂಡ್ ಮುಖ್ಯ ಠಾಣ್ಯ ಇದ್ದದ್ದು ಈ ಊರಿನಲ್ಲೇ. ಮೂರೂವರೆ ತಿಂಗಳು ಕಳೆದು ಅಕ್ಟೋಬರ್ 1ರಂದು ಸೋಲ್ ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿ ಹಾಕಿ ಚಿನ್ನ ಗೆದ್ದಿತು. ತಂಡದಲ್ಲಿ ಉತ್ತರ ಐರ್ಲೆಂಡಿನ ಇಬ್ಬರು, ಸ್ಟೀಫನ್ ಮಾರ್ಟಿನ್ ಮತ್ತು ಕರ್ಕ್‌ವುಡ್. ಆಗ ಒಲಿಂಪಿಕ್ಸ್ ಆಡಬೇಕೆಂದರೆ ಈ ಭಾಗದವರಿಗೆ ಬ್ರಿಟನ್ ಅಂಗಿಯೇ ದಾರಿ. ಉಳಿದ ವರ್ಷಗಳಲ್ಲಿ ಇಬ್ಬರೂ ಐರ್ಲೆಂಡಿಗೇ ಆಡುತ್ತಿದ್ದರು. ಅದೇ ಕೂಟದ ಗುಂಪು ಹಂತದಲ್ಲಿ ಬ್ರಿಟನ್ನಿನ ಕೈಯಲ್ಲಿ 3–0ರಿಂದ ಸೋತ ಭಾರತ ತಂಡದ ನಾಯಕ ಕೊಡಗಿನ ಎಂ.ಎಂ. ಸೋಮಯ್ಯ. ಬೆಂಗಳೂರಿನ ಜೂಡ್ ಫೆಲಿಕ್ಸ್ ಕೂಡ ಆ ತಂಡದಲ್ಲಿದ್ದರು.

ಸೋಲ್‌ನ ಹೊತ್ತಿಗೆ ಹಾಕಿಯ ನೆಲವೇ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಕೃತಕ ಹಾಸಿನ ಮೇಲೆ ನಡೆದದ್ದು ಭಾರತಕ್ಕೆ ಎಷ್ಟು ಬಿಸಿ ಮುಟ್ಟಿಸಿತೆಂದು ಇಲ್ಲಿಯವರಿಗೆ ಗೊತ್ತೇ ಇದೆ. ಐರ್ಲೆಂಡಿನ ಸಣ್ಣ ಕ್ಲಬ್ಬುಗಳಿಗೆ ಅದು ಬೇರೆ ಬಗೆಯ ತಲೆನೋವು. ಹುಲ್ಲುಗದ್ದೆಯಾದರೆ ಬಾಡಿಗೆಗೂ ಸಿಗುತ್ತದೆ. ಕೃತಕ ಹಾಸಿಗಾದರೆ ಸ್ವಂತ ಜಾಗ, ಸಾಲ, ದೀಪದ ಕಂಬ, ನೀರು ಚಿಮ್ಮಿಸುವ ವ್ಯವಸ್ಥೆ, ಹತ್ತು ಹನ್ನೆರಡು ವರ್ಷಕ್ಕೆ ಸವೆದಾಗ ಮತ್ತೆ ಹಾಸುವ ಖರ್ಚು, ಎಲ್ಲ ಬೇಕು. ಲಿಸ್ನಗಾರ್ವಿಯ ಮೈದಾನ ಈಗ ಲಿಸ್ಬರ್ನಿನಲ್ಲಿಲ್ಲ. ಆರೇಳು ಕಿಲೋಮೀಟರ್ ಆಚೆ, ಹಿಲ್ಸ್‌ಬರೋದ ಕಾಂಬರ್ ರಸ್ತೆಯಲ್ಲಿದೆ. ಊರು ಬಿಟ್ಟ ಹೆಸರನ್ನು ಹೊತ್ತ ಕ್ಲಬ್ಬು ಕೊನೆಗೆ ಊರನ್ನೂ ಬಿಟ್ಟಿತು ಎಂದು ಹಳಬರು ಗೊಣಗಿದರೆ ತಪ್ಪೆನ್ನುವಂತಿಲ್ಲ. ಲಿಸ್ಬರ್ನ್ 2002ರಲ್ಲಿ ‘ನಗರ’ ಪದವಿ ಪಡೆಯಿತು, ಅದರ ಹಳೆಯ ಹೆಸರಿನ ತಂಡ ಮಾತ್ರ ಈಗ ಆಡುವುದು ಪಕ್ಕದ ಹಳ್ಳಿಯಲ್ಲಿ.

ಹಳ್ಳಿಯೆಂದರೆ ಸುಮ್ಮನೆ ಹಳ್ಳಿಯಲ್ಲ. ಹಿಲ್ಸ್‌ಬರೋ ಕೋಟೆಮನೆ ಬ್ರಿಟನ್ ಅರಸರ ಉತ್ತರ ಐರ್ಲೆಂಡಿನ ನಿವಾಸ. 1985ರ ಆಂಗ್ಲೋ–ಐರಿಷ್ ಒಪ್ಪಂದಕ್ಕೆ ಮಾರ್ಗರೆಟ್ ಥ್ಯಾಚರ್ ಮತ್ತು ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಸಹಿ ಹಾಕಿದ್ದು ಅಲ್ಲೇ. 1909ರ ಕೊನೆಯ ದಿನ ಅಲ್ಲಿನ ಪಾರ್ಕಿನಲ್ಲಿ ಸ್ವಂತ ಕೈಯಿಂದ ಕಟ್ಟಿದ ವಿಮಾನ ಹಾರಿಸಿದ ರೈತನ ಮಗ ಹ್ಯಾರಿ ಫರ್ಗ್ಯುಸನ್ ಹತ್ತಿರದ ಗ್ರೋವೆಲ್‌ನವನು. ನಮ್ಮ ಹೊಲಗಳಲ್ಲಿ ಓಡುವ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಬಾನೆಟ್ ಮೇಲಿರುವುದು ಅವನ ಹೆಸರೇ.

2000ದಲ್ಲಿ ಗಂಡಸರ ಯೂನಿಯನ್ನೂ ಹೆಂಗಸರ ಯೂನಿಯನ್ನೂ ಒಂದಾದವು. 2016ರಲ್ಲಿ ಐರ್ಲೆಂಡ್ ಪುರುಷರು ತಮ್ಮದೇ ಹೆಸರಿನಲ್ಲಿ ಒಲಿಂಪಿಕ್ಸ್ ತಲುಪಿದರು, 1908ರ ಬೆಳ್ಳಿಯ ನಂತರ ಮೊದಲ ಸಲ. ಲಿಸ್ನಗಾರ್ವಿಯ ಜೊನಾಥನ್ ಬೆಲ್ ಆ ತಂಡದಲ್ಲಿದ್ದರು. ಇತರ ಹಾಕಿ ಪಂದ್ಯಗಳಿಗೆ ಎರಡೂ ಕಡೆಯವರು ಒಪ್ಪುವ ‘ಐರ್ಲೆಂಡ್ಸ್ ಕಾಲ್’ ಹಾಡು ಇದೆ. ಒಲಿಂಪಿಕ್ಸ್‌ನಲ್ಲಾದರೋ ಗಣರಾಜ್ಯದ ತ್ರಿವರ್ಣ, ಗಣರಾಜ್ಯದ ರಾಷ್ಟ್ರಗೀತೆ. ಉತ್ತರದ ಆಟಗಾರನಿಗೆ ಬ್ರಿಟನ್ನಿನ ಬಾಗಿಲೂ ತೆರೆದಿದೆ: ಕುಕ್ಸ್‌ಟೌನಿನ ಇಯನ್ ಸ್ಲೋನ್, ಡೇವಿಡ್ ಏಮ್ಸ್ ಅದೇ ರಿಯೋದಲ್ಲಿ ಬ್ರಿಟನ್ನಿಗೆ ಆಡಿದರು. ಹಾಗಾಗಿ ಒಂದೇ ಪ್ರಾಂತ್ಯದ ಲೀಗಿನಲ್ಲಿ ಬೆಳೆದವರು ಎರಡು ಧ್ವಜದ ಕೆಳಗೆ ನಡೆದರೂ ಯಾರೂ ಹುಬ್ಬೇರಿಸುವುದಿಲ್ಲ.

ರಿಯೋದಲ್ಲಿ ಐರ್ಲೆಂಡಿನ ಮೊದಲ ಎದುರಾಳಿ ಭಾರತ. 15ನೇ ನಿಮಿಷದಲ್ಲಿ ಪೆನಾಲ್ಟಿ ಕಾರ್ನರಿನಿಂದ ಮೊದಲ ಗೋಲು ಹೊಡೆದದ್ದು ಕೊಡಗಿನ ವಿ.ಆರ್. ರಘುನಾಥ್, ಮುಂದಿನ ಎರಡು ರೂಪಿಂದರ್ ಪಾಲ್ ಸಿಂಗ್‌ರದು. ಐರ್ಲೆಂಡಿನ ಪರ ಜಾನ್ ಜರ್ಮಿನ್, ಕಾನರ್ ಹಾರ್ಟ್ ಒಂದೊಂದು ತಿರುಗಿಸಿದರು. ಭಾರತಕ್ಕೆ 3–2ರ ಗೆಲುವು ಕೊನೆಯ ನಿಮಿಷದವರೆಗೂ ಕೈಗೆ ಸಿಕ್ಕಿರಲಿಲ್ಲ. ಎರಡು ವರ್ಷದ ನಂತರ ಲಂಡನ್ನಿನ ವಿಶ್ವಕಪ್‌ನಲ್ಲಿ ಐರ್ಲೆಂಡಿನ ಹೆಂಗಸರು ಬಾಕಿ ತೀರಿಸಿದರು. ಭಾರತವನ್ನು ಗುಂಪಿನಲ್ಲಿ 1–0ರಿಂದ, ಕ್ವಾರ್ಟರ್ ಫೈನಲ್‌ನಲ್ಲಿ ಶೂಟೌಟ್‌ನಲ್ಲಿ ಸೋಲಿಸಿ ಬೆಳ್ಳಿಯವರೆಗೂ ಹೋದರು. ಫೈನಲ್‌ನಲ್ಲಿ ನೆದರ್ಲೆಂಡ್ಸ್ ಅವರಿಗೆ ಆರು ಗೋಲು ಬಾರಿಸಿತು.