ಉಮ್ಮತ್ತಿ ಕಾಯಿಯಿಂದ ಅಟ್ರೋಪಿನ್‌ವರೆಗೆ: ಒಂದು ವಿಷದ ಚರಿತ್ರೆ

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರನ್ನು ನೋಡಲು ತಾಲೂಕು ಕೇಂದ್ರದ ಒಂದು ಆಸ್ಪತ್ರೆಗೆ ಹೋಗಿದ್ದೆವು. ಪಕ್ಕದ ಹಾಸಿಗೆಯಲ್ಲಿ ಇಪ್ಪತ್ತರ ಹರೆಯದ ರೈತರ ಹುಡುಗನೊಬ್ಬ ಮಲಗಿದ್ದ. ಮುಖ ಕೆಂಪೇರಿತ್ತು, ಕಣ್ಣಿನ ಪಾಪೆಗಳು ಅಗಲವಾಗಿದ್ದವು. ಇಲ್ಲದ ನೂಲನ್ನು ಗಾಳಿಯಲ್ಲಿ ಹಿಡಿದು ಎಳೆಯುತ್ತ ಏನೇನೋ ಮಾತನಾಡುತ್ತಿದ್ದ. ‘ಔಷಧಿ ಕುಡಿದಿದ್ದಾನೆ’ ಎಂದು ಯಾರೋ ಪಿಸುಗುಟ್ಟಿದರು. ಹಳ್ಳಿಯ ಮಾತಿನಲ್ಲಿ ಹಾಗೆಂದರೆ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದಿದ್ದಾನೆ ಎಂದರ್ಥ. ‘ನನ್ನ ಮಗನಿಗೆ ಹುಚ್ಚು ಹಿಡಿಸಿಬಿಟ್ರಲ್ಲ ಡಾಕ್ಟ್ರೇ’ ಎಂದು ತಾಯಿ ಅಳುತ್ತಿದ್ದಳು. ‘ಹುಚ್ಚಲ್ಲಮ್ಮ, ಇಂಜೆಕ್ಷನ್ ಸ್ವಲ್ಪ ಹೆಚ್ಚಾಗಿದೆ. ಕಡಿಮೆ ಮಾಡ್ತೀವಿ, ಇಳಿಯುತ್ತೆ. ಅದನ್ನ ಕೊಡದಿದ್ರೆ ನಿನ್ನೆ ರಾತ್ರಿನೇ ಕೈತಪ್ಪಿ ಹೋಗ್ತಿದ್ದ’ ಎಂದರು ವೈದ್ಯರು.

ಆ ಇಂಜೆಕ್ಷನ್‌ನ ಹೆಸರು ಅಟ್ರೋಪಿನ್. ನಮ್ಮೂರುಗಳ ತಿಪ್ಪೆಯ ಪಕ್ಕ, ಬೇಲಿಯ ಸಾಲಿನಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಉಮ್ಮತ್ತಿ ಗಿಡದ ವಿಷ ಮತ್ತು ಈ ಮದ್ದು ಒಂದೇ ಮನೆತನದವು. ಕನ್ನಡದ ‘ಮದ್ದು’ ಎಂಬ ಪದವೇ ಇದನ್ನು ಬಲ್ಲದು. ಕಾಯಿಲೆಗೆ ಕೊಡುವುದೂ ಮದ್ದು, ದ್ವೇಷಕ್ಕೆ ಊಟದಲ್ಲಿ ಹಾಕುವುದೂ ಮದ್ದು, ಬೆಳೆಗೆ ಹೊಡೆಯುವುದೂ ಮದ್ದು. ಇವುಗಳ ನಡುವಿನ ಗೆರೆಯನ್ನು ಗುರುತಿಸಲು ಮನುಷ್ಯನಿಗೆ ಎರಡು ಸಾವಿರ ವರ್ಷ ಹಿಡಿಯಿತು. ಆ ಕಥೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಹೇಳಬೇಕೆನಿಸಿದೆ.

ಉಮ್ಮತ್ತಿ ಎಂಬ ಹೆಸರು ಸಂಸ್ಕೃತದ ‘ಉನ್ಮತ್ತ’ದಿಂದ ಬಂದಿದೆ. ತಿಂದವನು ಉನ್ಮತ್ತನಾಗುತ್ತಾನೆ ಎಂಬ ಎಚ್ಚರಿಕೆ ಹೆಸರಿನಲ್ಲೇ ಇದೆ. ಸಂಸ್ಕೃತದ ‘ಧತ್ತೂರ’ ಉರ್ದುವಿನಲ್ಲಿ ಧತೂರಾ ಆಯಿತು. ಆ ಹೆಸರನ್ನೇ ತೆಗೆದುಕೊಂಡು ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಶಾಸ್ತ್ರಕ್ಕೆ ‘ದತುರಾ’ ಎಂದು ಸೇರಿಸಿದ. ಯೂರೋಪಿನಲ್ಲಿ ಬೆಳೆಯುವ ಇದರ ಸೋದರ ಗಿಡಕ್ಕೆ ಅವನು ‘ಅಟ್ರೋಪ ಬೆಲ್ಲಡೋನ’ ಎಂದು ಹೆಸರಿಟ್ಟ. ಅಟ್ರೋಪೋಸ್ ಎಂದರೆ ಗ್ರೀಕರ ಪುರಾಣದಲ್ಲಿ ಆಯುಷ್ಯದ ನೂಲನ್ನು ಕತ್ತರಿಸುವ ದೇವತೆ. ಬೆಲ್ಲಡೋನ ಎಂದರೆ ಇಟಲಿಯ ಭಾಷೆಯಲ್ಲಿ ಸುಂದರಿ. ಅದರ ರಸ ಕಣ್ಣಿನ ಪಾಪೆಯನ್ನು ಅಗಲಗೊಳಿಸುತ್ತದೆ. ಒಂದೇ ಹೆಸರಿನಲ್ಲಿ ಸಾವೂ ಇದೆ, ಸೌಂದರ್ಯವೂ ಇದೆ.

ಇದೇ ಕುಟುಂಬದ ಇನ್ನೊಂದು ಗಿಡವನ್ನು ಹಕೀಮರು ಖುರಾಸಾನಿ ಅಜವಾನ ಎನ್ನುತ್ತಾರೆ. ಅರಬಿಯಲ್ಲಿ ಅದು ‘ಬಂಜ್’. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ಇದರ ಕಪ್ಪು ಬೀಜ ಕೆಟ್ಟದ್ದು, ಬಿಳಿ ಬೀಜ ಬಳಕೆಗೆ ತಕ್ಕದ್ದು ಎಂದು ಬರೆದಿದ್ದ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅವನ ಗ್ರಂಥ ಅರಬಿಗೆ ಅನುವಾದವಾಯಿತು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾರ ‘ಅಲ್ ಕಾನೂನ್’ನಲ್ಲೂ ಬಂಜ್‌ಗೆ ಸ್ಥಾನವಿದೆ. ನೋವಿಗೆ, ನಿದ್ದೆಗೆ, ಕೆಮ್ಮಿಗೆ ಇದನ್ನು ಅತಿ ಎಚ್ಚರದಿಂದ ಕೊಡುವ ಪದ್ಧತಿ ಹೀಗೆ ಗ್ರೀಸಿನಿಂದ ಬಾಗ್ದಾದಿಗೆ, ಅಲ್ಲಿಂದ ನಮ್ಮ ಹಕೀಮರ ದವಾಖಾನೆಗಳಿಗೆ ನಡೆದು ಬಂತು.

ಇದರ ಇನ್ನೊಂದು ಮುಖವೂ ಜನರಿಗೆ ಗೊತ್ತಿತ್ತು. ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾನ ಬಳಿ ವೈದ್ಯನಾಗಿದ್ದ ಪೋರ್ಚುಗೀಸ್ ಗಾರ್ಸಿಯಾ ದ ಓರ್ತಾ 1563ರಲ್ಲಿ ಗೋವಾದಲ್ಲಿ ಮುದ್ರಿಸಿದ ಪುಸ್ತಕದಲ್ಲಿ, ಊಟದಲ್ಲಿ ದತ್ತೂರ ಬೆರೆಸಿ ಯಜಮಾನರನ್ನು ಮೈಮರೆಸಿ ದೋಚುವ ಆಳುಗಳ ವಿಚಾರವಿದೆ. ಮೂರು ಶತಮಾನಗಳ ನಂತರ, 1856ರಲ್ಲಿ ನಾರ್ಮನ್ ಚೆವರ್ಸ್ ಎಂಬ ಬ್ರಿಟಿಷ್ ವೈದ್ಯ ಭಾರತದ ನ್ಯಾಯವೈದ್ಯಕೀಯದ ಬಗ್ಗೆ ಬರೆದಾಗಲೂ ದಾರಿಹೋಕರಿಗೆ ದತ್ತೂರ ತಿನ್ನಿಸುವ ಕಳ್ಳರ ಬಗ್ಗೆ ಬರೆಯಬೇಕಾಯಿತು.

ಅದೇ ಗಿಡ ಉಬ್ಬಸದವರಿಗೆ ಉಸಿರು ಕೊಡುತ್ತಿತ್ತು. ದತ್ತೂರವನ್ನು ಒಣಗಿಸಿ ಹೊಗೆ ಸೇದುವ ನಮ್ಮ ನಾಡಿನ ಪದ್ಧತಿಯನ್ನು ಮದ್ರಾಸಿನಲ್ಲಿ ಕಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಎಡಿನ್‌ಬರೋಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನ ಔಷಧಿ ಅಂಗಡಿಗಳಲ್ಲಿ ‘ಉಬ್ಬಸದ ಸಿಗರೇಟು’ ಮಾರಾಟವಾಯಿತು. ಇದನ್ನು ಮೊದಲು ಕಂಡುಕೊಂಡ ನಮ್ಮ ನಾಟಿ ವೈದ್ಯರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಹೊತ್ತೊಯ್ದವನ ಹೆಸರು ಉಳಿದಿದೆ.

ಗಿಡದೊಳಗೆ ಕೆಲಸ ಮಾಡುವುದು ಏನು ಎಂಬ ಹುಡುಕಾಟ ಜರ್ಮನಿಯಲ್ಲಿ ನಡೆಯಿತು. 1819ರಲ್ಲಿ ರೂಂಗೆ ಎಂಬ ಯುವಕ ಬೆಲ್ಲಡೋನದ ರಸ ಹಾಕಿದ ಬೆಕ್ಕೊಂದನ್ನು ಕಂಕುಳಲ್ಲಿ ಹಿಡಿದು ಮಹಾಕವಿ ಗಯಟೆಯ ಮುಂದೆ ನಿಂತು, ಅದರ ಅಗಲವಾದ ಪಾಪೆಯನ್ನು ತೋರಿಸಿದ. ಮೆಚ್ಚಿದ ಕವಿ ಒಂದಿಷ್ಟು ಕಾಫಿ ಬೀಜ ಕೊಟ್ಟು ‘ಇದನ್ನೂ ಪರೀಕ್ಷಿಸು’ ಎಂದ. ರೂಂಗೆ ಅದರಿಂದ ಕೆಫೀನ್ ಬೇರ್ಪಡಿಸಿದ. ಬೆಲ್ಲಡೋನದ ಸತ್ವವನ್ನು ಶುದ್ಧ ಹರಳಾಗಿ ಬೇರ್ಪಡಿಸುವ ಕೆಲಸ 1830ರ ದಶಕದ ಆರಂಭದಲ್ಲಿ ಮುಗಿಯಿತು. ಅದೇ ಅಟ್ರೋಪಿನ್. ಎಲೆಯಿಂದ ಎಲೆಗೆ ಬದಲಾಗುತ್ತಿದ್ದ ವಿಷವನ್ನು ಇನ್ನು ಮುಂದೆ ತಕ್ಕಡಿಯಲ್ಲಿ ತೂಗಬಹುದಾಗಿತ್ತು.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. 1921ರ ಒಂದು ರಾತ್ರಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟೊ ಲೋವಿ ಎಂಬ ವಿಜ್ಞಾನಿಗೆ ಪ್ರಯೋಗವೊಂದು ಕನಸಿನಲ್ಲಿ ಕಂಡಿತು. ಎದ್ದು ಗೀಚಿಕೊಂಡು ಮಲಗಿದ. ಬೆಳಿಗ್ಗೆ ತನ್ನ ಬರಹ ತನಗೇ ಓದಲಾಗಲಿಲ್ಲ. ಮರುರಾತ್ರಿ ಮತ್ತೆ ಅದೇ ಹೊಳೆದಾಗ ನೇರವಾಗಿ ಪ್ರಯೋಗಾಲಯಕ್ಕೆ ನಡೆದ. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಬಡಿತ ನಿಧಾನವಾಗುವಂತೆ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದ. ಅದೂ ನಿಧಾನವಾಯಿತು. ನರ ತನ್ನ ಸಂದೇಶವನ್ನು ಒಂದು ರಾಸಾಯನಿಕದ ಮೂಲಕ ಕಳಿಸುತ್ತದೆ ಎಂದಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಅಟ್ರೋಪಿನ್ ಹಾಕಿದರೆ ಅದರ ಆಟ ನಡೆಯುತ್ತಿರಲಿಲ್ಲ. ಈ ಸಂಶೋಧನೆಗೆ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ 1936ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಓದುಗರಿಗೆ ಇದನ್ನು ಬಸ್ಸಿನ ಉದಾಹರಣೆಯಿಂದ ಹೇಳಬಹುದು. ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಸೀಟಿನ ಮೇಲೆ ಅಟ್ರೋಪಿನ್ ಮೊದಲೇ ಟವೆಲ್ ಹಾಕಿಬಿಡುತ್ತದೆ. ತಾನು ಏನೂ ಕೆಲಸ ಮಾಡುವುದಿಲ್ಲ, ಬಂದವರನ್ನು ಕೂರಲು ಬಿಡುವುದೂ ಇಲ್ಲ. ಅಸಿಟೈಲ್‌ಕೋಲಿನ್ ಬಾಯಲ್ಲಿ ಜೊಲ್ಲು ತರಿಸುತ್ತದೆ, ಬೆವರಿಳಿಸುತ್ತದೆ, ಕರುಳು ಹಿಂಡುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಹೃದಯ ನಿಧಾನಿಸುತ್ತದೆ. ಇವೆಲ್ಲ ನಿಂತರೆ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಎದೆ ಓಡುತ್ತದೆ, ಪಾಪೆ ಅರಳುತ್ತದೆ, ಮೂತ್ರ ಕಟ್ಟುತ್ತದೆ. ಮಿದುಳಿಗೆ ಹೆಚ್ಚು ತಲುಪಿದರೆ ಭ್ರಮೆ ಹಿಡಿಯುತ್ತದೆ.

ಈ ಬಗೆಯ ಮದ್ದುಗಳಿಗೆ ಆಂಟಿಕೋಲಿನರ್ಜಿಕ್ ಎನ್ನುತ್ತಾರೆ. ಕಣ್ಣಿನ ಒಳಭಾಗ ಪರೀಕ್ಷಿಸಲು ಹಾಕುವ ಹನಿ, ಹೊಟ್ಟೆ ಹಿಂಡುವ ನೋವಿಗೆ ಕೊಡುವ ಹಯೊಸಿನ್, ಉಬ್ಬಸ ಮತ್ತು ಧೂಮಪಾನಿಗಳ ಶ್ವಾಸಕೋಶದ ಕಾಯಿಲೆಗೆ ಸೇದಿಸುವ ಇಪ್ರಟ್ರೋಪಿಯಮ್, ಟಿಯೊಟ್ರೋಪಿಯಮ್, ಪಾರ್ಕಿನ್‌ಸನ್ ಕಾಯಿಲೆಯ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂತ್ರ ತಡೆಯಲಾರದವರಿಗೆ ಆಕ್ಸಿಬ್ಯುಟಿನಿನ್ ಇವೆಲ್ಲ ಆ ಟವೆಲ್ ಹಾಕುವ ಕೆಲಸವನ್ನೇ ಮಾಡುತ್ತವೆ. ಅಜ್ಜನ ದತ್ತೂರದ ಹೊಗೆ ಈಗ ಇನ್‌ಹೇಲರ್ ಆಗಿದೆ.

ಆದರೆ ಲೋವಿಗೆ ಪ್ರಶಸ್ತಿ ಬಂದ ಅದೇ 1936ರ ಡಿಸೆಂಬರ್‌ನಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಕೀಟನಾಶಕ ಹುಡುಕುತ್ತ ಟಾಬುನ್ ಎಂಬ ಭೀಕರ ವಿಷವನ್ನು ತಯಾರಿಸಿದ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕುವ ಕಿಣ್ವವನ್ನು ಇದು ಕೊಲ್ಲುತ್ತದೆ. ಆಗ ಅಸಿಟೈಲ್‌ಕೋಲಿನ್ ಪ್ರವಾಹದಂತೆ ತುಂಬಿ, ಮನುಷ್ಯ ತನ್ನದೇ ಶ್ವಾಸಕೋಶದ ನೀರಿನಲ್ಲಿ ಮುಳುಗುತ್ತಾನೆ. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಸೇರಿದಾಗ ಯಹೂದಿಯಾದ ಲೋವಿಯನ್ನು ಸೆರೆಗೆ ಹಾಕಿದರು. ನೊಬೆಲ್ ಹಣವನ್ನು ಕಿತ್ತುಕೊಂಡ ಮೇಲೆಯೇ ದೇಶ ಬಿಡಲು ಬಿಟ್ಟರು. ಜೀವದ ಗುಟ್ಟು ಬಿಡಿಸಿದವನನ್ನು ಓಡಿಸಿದ ಆಡಳಿತಕ್ಕೆ, ಅದೇ ಗುಟ್ಟನ್ನು ಹೊಸಕುವ ವಿಷ ಬೇಕಾಗಿತ್ತು.

ಶ್ರೇಡರ್‌ನ ಇನ್ನೊಂದು ಸೃಷ್ಟಿಯಾದ ಪ್ಯಾರಾಥಿಯಾನ್ ಹೊಲಗಳಿಗೆ ಬಂತು. 1958ರಲ್ಲಿ ಕೇರಳದಲ್ಲಿ ಅದು ಗೋಧಿಹಿಟ್ಟಿಗೆ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. 1984ರಲ್ಲಿ ಇರಾಕ್ ಸೇನೆ ಟಾಬುನ್ ಎರಚಿದಾಗ ಇರಾನಿನ ವೈದ್ಯರು ಗಾಯಾಳುಗಳನ್ನು ಉಳಿಸಿಕೊಳ್ಳಲು ಹಿಡಿದದ್ದು ಅಟ್ರೋಪಿನ್ ಸೂಜಿಯನ್ನೇ. ಆ ಹುಡುಗನಿಗೆ ಚುಚ್ಚಿದ್ದೂ ಅದನ್ನೇ. ಎದೆಯ ನೀರು ಒಣಗಿ ಉಸಿರು ಸರಾಗವಾಗುವವರೆಗೆ ಕೆಲವೇ ನಿಮಿಷಗಳಿಗೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುತ್ತಾರೆ. ಸ್ನಾಯುಗಳು ಸೋತರೆ ಅಟ್ರೋಪಿನ್ ಸಾಲದು, ಉಸಿರಾಟದ ಯಂತ್ರವೂ ಬೇಕು.

ಹಾಗಾಗಿ ಎರಡು ಮಾತು. ಇಂತಹ ಸಂದರ್ಭದಲ್ಲಿ ಸೋಪಿನ ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುತ್ತ ಕೂರಬಾರದು. ವಿಷ ತಾಗಿದ ಬಟ್ಟೆ ಬಿಚ್ಚಿ, ಮೈ ತೊಳೆದು, ಬಾಟಲಿಯ ಸಮೇತ ಆಸ್ಪತ್ರೆಗೆ ಓಡಬೇಕು. ಇನ್ನೊಂದು, ಮನೆಯ ಹಿರಿಯರು ಹೊಸ ಮಾತ್ರೆ ಶುರುವಾದ ಮೇಲೆ ಹೆಸರು ಮರೆತರೆ, ಹೊತ್ತು ಗೊತ್ತಾಗದೆ ಕನವರಿಸಿದರೆ, ಅದು ವಯಸ್ಸಿನ ಮರೆವೆಂದು ಸುಮ್ಮನಿರದೆ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಬೇಕು. ನಿದ್ದೆ ಬರಿಸುವ ಕೆಲವು ನೆಗಡಿ ಮಾತ್ರೆಗಳಲ್ಲೂ ಈ ಗುಣವಿದೆ.

ಎರಡು ದಿನ ಬಿಟ್ಟು ನಾವು ಮತ್ತೆ ಹೋದಾಗ ಹುಡುಗ ತಾಯಿಯನ್ನು ಗುರುತಿಸಿ ನೀರು ಕೇಳುತ್ತಿದ್ದ. ಬಾಯಿ ಇನ್ನೂ ಒಣಗಿತ್ತು. ‘ಏನು ಔಷಧಿ ಕೊಟ್ರೋ, ನನ್ನ ಮಗ ಉಳಿದ’ ಎಂದಳು ಆಕೆ. ಅವನು ಕುಡಿದದ್ದನ್ನೂ ಆಕೆ ಔಷಧಿ ಎಂದೇ ಕರೆದಿದ್ದಳು. ಆಸ್ಪತ್ರೆಯ ಕಾಂಪೌಂಡಿನ ಹೊರಗೆ ಕಸದ ರಾಶಿಯ ಪಕ್ಕದಲ್ಲಿ ಉಮ್ಮತ್ತಿ ಹೂ ಬಿಟ್ಟಿತ್ತು.