ಗಿರಣಿಯ ಸಾಲು ಮತ್ತು ಕಾನ್ಬಾನ್ ಚೀಟಿ

ಹಬ್ಬದ ಹಿಂದಿನ ದಿನ ಹಿಟ್ಟಿನ ಗಿರಣಿಗೆ ಹೋದವರಿಗೆ ಇದು ಗೊತ್ತು. ಡಬ್ಬಿಗಳ ಸಾಲು ಬಾಗಿಲು ದಾಟಿರುತ್ತದೆ. ಬಂದವರೆಲ್ಲ 'ನಂದು ಎಷ್ಟು ಹೊತ್ತಿಗೆ ಆಗುತ್ತೆ?' ಅಂತ ಕೇಳುತ್ತಾರೆ. ಗಿರಣಿಯವನು ಪ್ರತಿಯೊಬ್ಬರಿಗೂ ಲೆಕ್ಕ ಹಾಕಿ ಹೇಳಲು ಮಷಿನ್ ನಿಲ್ಲಿಸುತ್ತಾ ಹೋದರೆ ಸಾಲು ಇನ್ನೂ ಉದ್ದವಾಗುತ್ತದೆ. 2004ರಲ್ಲಿ ಹೈದರಾಬಾದಿನ ಒಂದು ಸಾಫ್ಟ್‌ವೇರ್ ತಂಡದ ಪಾಡು ಹೀಗೇ ಇತ್ತು. ಅದನ್ನು ಪಾರು ಮಾಡಿದ ಉಪಾಯ ಹುಟ್ಟಿದ್ದು ಮಾತ್ರ ಜಪಾನಿನ ಕಾರು ಕಾರ್ಖಾನೆಯಲ್ಲಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಟೊಯೋಟಾ ಕಂಪನಿಗೆ ಹಣದ ಮುಗ್ಗಟ್ಟು. ಬೇಡದ ಬಿಡಿಭಾಗ ಮಾಡಿ ಗುಡ್ಡೆ ಹಾಕಿದರೆ ದುಡ್ಡನ್ನು ಗೋದಾಮಿನಲ್ಲಿ ಹೂತಿಟ್ಟಂತೆ. ಅಲ್ಲಿನ ಎಂಜಿನಿಯರ್ ತಾಯಿಚಿ ಓನೊ ಅವರಿಗೆ ದಾರಿ ಕಂಡದ್ದು ಅಮೆರಿಕದ ಸೂಪರ್‌ಮಾರ್ಕೆಟ್ ಪದ್ಧತಿಯಲ್ಲಿ. ಅಲ್ಲಿ ಗಿರಾಕಿ ಎಷ್ಟು ಒಯ್ದನೋ ಅಷ್ಟನ್ನೇ ಮತ್ತೆ ತುಂಬುತ್ತಾರೆ. 1953ರಲ್ಲಿ ಓನೊ ಇದನ್ನು ತಮ್ಮ ಮಷಿನ್ ವಿಭಾಗದಲ್ಲಿ ಜಾರಿಗೆ ತಂದರು. ಮುಂದಿನ ವಿಭಾಗದಿಂದ ಚೀಟಿ ಬಂದರೆ ಮಾತ್ರ ಹಿಂದಿನವರು ಕೆಲಸ ಮಾಡಬೇಕು. ಚೀಟಿ ಇಲ್ಲದೆ ಒಂದು ಬೋಲ್ಟನ್ನೂ ಮಾಡುವಂತಿಲ್ಲ. ಆ ಚೀಟಿಗೆ 'ಕಾನ್ಬಾನ್' ಎಂದು ಹೆಸರು. ಜಪಾನಿ ಭಾಷೆಯಲ್ಲಿ ಹಾಗೆಂದರೆ ಫಲಕ.

ಈಗ ಸಾಫ್ಟ್‌ವೇರ್ ಕಡೆಗೆ ಬರೋಣ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ 'ಅಜೈಲ್' ಎಂಬ ಹೆಸರಿನಲ್ಲಿ ತಮ್ಮ ತತ್ವಗಳನ್ನು ಬರೆದರು. ಕೆಲಸವನ್ನು ಸಣ್ಣ ತುಂಡು ಮಾಡಿ, ಬೇಗ ಮುಗಿಸಿ, ಬಳಸುವವರಿಗೆ ತೋರಿಸಿ ತಿದ್ದಿಕೊಳ್ಳಿ ಎಂಬುದು ಅದರ ಸಾರ. ಒಂದೊಂದು ಕೆಲಸವನ್ನೂ ಒಂದೊಂದು ಕಾರ್ಡಿನಲ್ಲಿ ಬರೆದಿಡುವ ರೂಢಿ ಅದಕ್ಕೂ ಮೊದಲೇ ಕೆಲವು ತಂಡಗಳಲ್ಲಿತ್ತು.

ಹೈದರಾಬಾದಿನ ತಂಡ ಮೈಕ್ರೋಸಾಫ್ಟ್ ತನ್ನೊಳಗೆ ಬಳಸುವ ಸಾಫ್ಟ್‌ವೇರ್‌ಗಳ ದುರಸ್ತಿ ನೋಡಿಕೊಳ್ಳುತ್ತಿತ್ತು. ಹೊಸ ಬೇಡಿಕೆ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಇದಕ್ಕೆಷ್ಟು ದಿನ ಬೇಕು ಎಂದು 48 ಗಂಟೆಯೊಳಗೆ ಅಂದಾಜು ಕೊಡಬೇಕಿತ್ತು. ಗಿರಣಿಯವನ ಕಥೆಯೇ. ಒಂದು ಬೇಡಿಕೆ ಮುಗಿಯಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ತಂಡಕ್ಕೆ ಕೆಟ್ಟ ಹೆಸರು ಬಂತು.

ಹೊಸದಾಗಿ ಹೊಣೆ ಹೊತ್ತ ಡ್ರಾಗೋಸ್ ಡುಮಿತ್ರಿಯು, ಡೇವಿಡ್ ಆಂಡರ್ಸನ್ ಅವರ ಸಲಹೆ ಪಡೆದು ಅಂದಾಜು ಕೊಡುವುದನ್ನೇ ನಿಲ್ಲಿಸಿದರು. ಕೈಯಲ್ಲಿ ಒಮ್ಮೆಗೆ ಎಷ್ಟು ಕೆಲಸ ಇರಬಹುದು ಎಂದು ಮಿತಿ ಹಾಕಿದರು. ಒಂದು ಮುಗಿದು ಜಾಗ ಖಾಲಿಯಾದರೆ ಮಾತ್ರ ಇನ್ನೊಂದು ಒಳಗೆ. ಯಾವುದು ಮೊದಲು ಬರಬೇಕು ಎಂಬುದನ್ನು ಕೆಲಸ ಕೊಡುವವರೇ ಕೂತು ತೀರ್ಮಾನಿಸಬೇಕು. ಮುಂದಿನ ವರ್ಷದ ಕೊನೆಯ ಹೊತ್ತಿಗೆ ಐದು ತಿಂಗಳು ಹೋಗಿ ಎರಡು ವಾರವಾಯಿತು.  ಸೋಮಾರಿಗಳು ಎನಿಸಿಕೊಂಡವರು ನಿಜಕ್ಕೂ ಹೊರೆಯಡಿ ಸಿಕ್ಕಿಬಿದ್ದವರಾಗಿದ್ದರು.

2010ರಲ್ಲಿ ಆಂಡರ್ಸನ್ ಕಾನ್ಬಾನ್ ಬಗ್ಗೆ ಪುಸ್ತಕವನ್ನೇ ಬರೆದರು. 2002ರಲ್ಲಿ ಬಂದ ಜಿರಾ, 2011ರಲ್ಲಿ ಬಂದ ಟ್ರೆಲ್ಲೊ ಇಂಥ ತಂತ್ರಾಂಶಗಳಲ್ಲಿ ಇಂದು ಕಾರ್ಡುಗಳು ಪರದೆಯ ಮೇಲೇ ಓಡಾಡುತ್ತವೆ. ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂಬ ಮೂರು ಕಂಬಸಾಲು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಿಮ್ಮ ಮಗಳನ್ನೋ ತಮ್ಮನನ್ನೋ ಕೇಳಿ, ತೋರಿಸಬಹುದು.

ತೋರಿಸಿದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಡುವಿನ ಸಾಲಿಗೆ ಮಿತಿ ಇದೆಯಾ? ಚೀಟಿಯ ಬಲ ಇದ್ದದ್ದು ಅಲ್ಲೇ. 'ಈಗ ಕೈ ತುಂಬಿದೆ, ಇದು ಮುಗಿಯಲಿ' ಎಂದು ದುಡಿಯುವವನ ಪರವಾಗಿ ಅದು ಹೇಳುತ್ತಿತ್ತು. ಮಿತಿ ತೆಗೆದುಹಾಕಿದರೆ ಉಳಿಯುವುದು, ಯಾರು ಎಷ್ಟು ಮಾಡಿದರು ಎಂದು ಮೇಲಿನವರು ನೋಡುವ ಹಾಜರಿ ಪುಸ್ತಕ ಅಷ್ಟೇ.